ಒಂದು ಡಾಲರಿನ ಮದ್ದು

ಔಷಧದ ಅಂಗಡಿಯವನು ಫ್ರಿಜ್ಜಿನಿಂದ ತೆಗೆದುಕೊಡುವ ಇನ್ಸುಲಿನ್ ಸೀಸೆ ಹೆಬ್ಬೆರಳಿಗಿಂತ ಹೆಚ್ಚು ದೊಡ್ಡದಿರುವುದಿಲ್ಲ. ಕೊಳ್ಳುವವರು ಅದರ ಮೇಲೆ ನೋಡುವುದು ಎರಡೇ ಸಂಗತಿ: ಬೆಲೆ ಎಷ್ಟು, ಅವಧಿ ಮುಗಿಯುವುದು ಯಾವಾಗ. ಆದರೆ ಅದೇ ಚೀಟಿಯಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ, ಈ ಮದ್ದು ‘ಆರ್-ಡಿಎನ್‌ಎ ಮೂಲದ್ದು’ ಎಂಬ ಮಾತೊಂದು ಅಚ್ಚಾಗಿರುತ್ತದೆ. ಅದರ ಅರ್ಥವೇನೆಂದು ವಿಚಾರಿಸುವವರು ಕಡಮೆ. ವಿಚಾರಿಸಿದರೆ ಒಂದು ನೂರು ವರ್ಷದ ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಕಸಾಯಿಖಾನೆಯಿಂದ ಮೊದಲ್ಗೊಂಡು ಬ್ಯಾಕ್ಟೀರಿಯದ ಒಡಲಿನವರೆಗೆ, ಕೆನಡ ದೇಶದ ಟೊರಾಂಟೊ ನಗರದಿಂದ ಮೊದಲ್ಗೊಂಡು ನಮ್ಮ ಬೆಂಗಳೂರಿನವರೆಗೆ ಅದು ಹರಡಿಕೊಂಡಿದೆ. ಜೈವಿಕ ತಂತ್ರಜ್ಞಾನವೆಂಬ ಹೊಸ ವಿದ್ಯೆ ಎಂತಹದು, ಅದು ಮನುಷ್ಯನಿಗೆ ಏನನ್ನು ಕೊಟ್ಟಿತು, ಏನನ್ನು ಕೊಡದೆ ಉಳಿಸಿಕೊಂಡಿತು ಎಂಬುದನ್ನು ತಿಳಿಯಲು ಈ ಪುಟ್ಟ ಸೀಸೆಯ ಕಥೆಗಿಂತ ಒಳ್ಳೆಯ ದಾರಿ ಇಲ್ಲವೆಂದೇ ನನ್ನ ಭಾವನೆ.

ಸಕ್ಕರೆ ಕಾಯಿಲೆ ಹಳೆಯದು. ಮೂತ್ರ ಸಿಹಿಯಾಗುವ ರೋಗವೊಂದುಂಟೆಂಬುದನ್ನು ನಮ್ಮ ಆಯುರ್ವೇದದ ಆಚಾರ್ಯರು ಬಲ್ಲವರಾಗಿದ್ದರು. ‘ಮಧುಮೇಹ’ವೆಂಬ ಹೆಸರೇ ಅದಕ್ಕೆ ಸಾಕ್ಷಿ. ಆದರೆ ದೇಹದ ಯಾವ ಅಂಗ ಕೆಟ್ಟರೆ ಈ ರೋಗ ಬರುತ್ತದೆಂಬುದು ಗೊತ್ತಾದುದು 1889ರಲ್ಲಿ. ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಆಸ್ಕರ್ ಮಿಂಕೋವ್‌ಸ್ಕಿ, ಜೋಸೆಫ್ ಫಾನ್ ಮೆರಿಂಗ್ ಎಂಬಿಬ್ಬರು ಒಂದು ನಾಯಿಯ ಮೇದೋಜೀರಕಾಂಗವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದರು. ಅವರು ತಿಳಿಯಬೇಕೆಂದಿದ್ದುದು ಜೀರ್ಣಕ್ರಿಯೆಯ ವಿಷಯ. ಆದರೆ ನಾಯಿಗೆ ಮಧುಮೇಹ ಬಂದಿತು. ಜಠರದ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಈ ಅಂಗದೊಳಗೆ, ನೀರಿನ ನಡುವಣ ದ್ವೀಪಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳಿವೆಯೆಂದು ಪಾಲ್ ಲ್ಯಾಂಗರ್‌ಹಾನ್ಸ್ ಎಂಬಾತ 1869ರಲ್ಲೇ ಬರೆದಿಟ್ಟಿದ್ದ. ಆ ದ್ವೀಪಗಳಿಂದ ರಕ್ತಕ್ಕೆ ಇಳಿಯುವ ಯಾವುದೋ ರಸವೇ ಸಕ್ಕರೆಯನ್ನು ಹದ್ದಿನಲ್ಲಿಡುತ್ತದೆಂಬ ಊಹೆ ಕ್ರಮೇಣ ಬಲವಾಯಿತು. ರಸವನ್ನು ಕಣ್ಣಾರೆ ಕಾಣುವ ಮೊದಲೇ ಅದಕ್ಕೆ ನಾಮಕರಣವೂ ಆಗಿಹೋಯಿತು. ಲ್ಯಾಟಿನ್ ಭಾಷೆಯಲ್ಲಿ ದ್ವೀಪಕ್ಕೆ ‘ಇನ್ಸುಲ’ ಎಂದು ಹೆಸರು, ಅದರಿಂದ ಇನ್ಸುಲಿನ್.

ಹೆಸರಿಟ್ಟರೇ ಹೊರತು ರಸ ಕೈಗೆ ಸಿಗಲಿಲ್ಲ. ಈ ರಸವಿಲ್ಲದವನ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಅದು ಅವನ ಮೈಗೆ ದಕ್ಕುವುದಿಲ್ಲ; ತೂಬು ಕಟ್ಟಿಕೊಂಡಾಗ ಕೆರೆ ತುಂಬಿದ್ದರೂ ಕೆಳಗಿನ ಗದ್ದೆ ಒಣಗುವ ಹಾಗೆ. ಚಿಕ್ಕ ವಯಸ್ಸಿನಲ್ಲಿ ಬರುವ ಉಗ್ರ ಬಗೆಯ ಮಧುಮೇಹಕ್ಕೆ ತುತ್ತಾದ ಮಕ್ಕಳು ಉಂಡದ್ದು ಮೈಗೆ ಹತ್ತದೆ ಬತ್ತಿ ಸಾಯುತ್ತಿದ್ದರು. ಅವರ ಆಯುಸ್ಸನ್ನು ಕೆಲವು ತಿಂಗಳಾದರೂ ಎಳೆಯಲು ಆಗಿನ ವೈದ್ಯರಿಗೆ ತಿಳಿದಿದ್ದ ಉಪಾಯವೆಂದರೆ ಉಪವಾಸ. ಅಮೆರಿಕದ ಫ್ರೆಡರಿಕ್ ಆಲನ್ ಎಂಬ ವೈದ್ಯ ಈ ಕ್ರಮವನ್ನು ಕಟ್ಟುನಿಟ್ಟಾಗಿ ಬಳಕೆಗೆ ತಂದ. ಹಸಿದು ಅಳುವ ಕೂಸಿಗೆ ಅನ್ನ ಕೊಟ್ಟರೆ ರೋಗದಿಂದ ಸಾವು, ಕೊಡದಿದ್ದರೆ ಹಸಿವಿನಿಂದ ಸಾವು. ತಾಯಿತಂದೆಗಳು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದ್ದ ಕಾಲವದು.

ಆ ಕಾಲ ಮುಗಿದುದು ಟೊರಾಂಟೊ ನಗರದಲ್ಲಿ. 1920ರ ಅಕ್ಟೋಬರಿನಲ್ಲಿ ಒಂದು ರಾತ್ರಿ, ಹೆಚ್ಚು ಗಿರಾಕಿಗಳಿಲ್ಲದ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಎಳೆಯ ಶಸ್ತ್ರವೈದ್ಯನಿಗೆ ಈ ರಸವನ್ನು ಬೇರ್ಪಡಿಸುವ ಒಂದು ಯೋಚನೆ ಹೊಳೆಯಿತು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮ್ಯಾಕ್ಲಿಯಾಡ್, ಮೊದಮೊದಲು ಮನಸ್ಸಿಲ್ಲದಿದ್ದರೂ, 1921ರ ಬೇಸಗೆಯಲ್ಲಿ ಒಂದು ಪ್ರಯೋಗಾಲಯವನ್ನೂ ಕೆಲವು ನಾಯಿಗಳನ್ನೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯನ್ನೂ ಒದಗಿಸಿಕೊಟ್ಟ. ವರ್ಷದ ಕೊನೆಗೆ ರಸವನ್ನು ಶುದ್ಧಿಮಾಡುವುದಕ್ಕೆಂದು ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ಪಂಡಿತನೂ ಬಂದು ಕೂಡಿಕೊಂಡ. 1922ರ ಜನವರಿ 11ರಂದು, ಆಸ್ಪತ್ರೆಯಲ್ಲಿ ಎಲುಬಿನ ಗೂಡಾಗಿ ಮಲಗಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ರಸ ಕೊಳಕಾಗಿತ್ತು, ಸೂಜಿ ಚುಚ್ಚಿದೆಡೆ ಬಾವು ಬಂದಿತೇ ಹೊರತು ಗುಣ ಕಾಣಲಿಲ್ಲ. ಕಾಲಿಪ್ ಹಗಲಿರುಳು ದುಡಿದು ಶುದ್ಧಗೊಳಿಸಿದ ರಸವನ್ನು ಜನವರಿ 23ರಿಂದ ಕೊಡತೊಡಗಿದಾಗ ರಕ್ತದ ಸಕ್ಕರೆ ಇಳಿಯಿತು. ಹುಡುಗ ಎದ್ದು ಕುಳಿತ. ಆತ ಮುಂದೆ 13 ವರ್ಷ ಬದುಕಿದ.

ಮರುವರ್ಷವೇ ಬ್ಯಾಂಟಿಂಗ್‌ಗೂ ಮ್ಯಾಕ್ಲಿಯಾಡ್‌ಗೂ ನೊಬೆಲ್ ಬಹುಮಾನ ಬಂದಿತು. ಕೀರ್ತಿಯ ಹಂಚಿಕೆಯಲ್ಲಿ ಈ ನಾಲ್ವರೊಳಗೆ ಮನಸ್ತಾಪವುಂಟಾದುದು ನಿಜ. ಬ್ಯಾಂಟಿಂಗ್ ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟ. ಮ್ಯಾಕ್ಲಿಯಾಡ್ ತನ್ನ ಅರ್ಧವನ್ನು ಕಾಲಿಪ್‌ಗೆ ಕೊಟ್ಟ. ಆದರೆ ಒಂದು ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಈ ಮದ್ದಿನ ಹಕ್ಕನ್ನು ಯಾರೋ ಒಬ್ಬ ವ್ಯಾಪಾರಿ ಹಿಡಿದಿಟ್ಟುಕೊಂಡು ಬೆಲೆ ಏರಿಸಬಾರದೆಂದು, ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ 1923ರಲ್ಲಿ ತಮ್ಮ ಪೇಟೆಂಟಿನ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಆ ಒಂದು ಡಾಲರು ಬೆಲೆಯೆಂದು ಪಡೆದುದಲ್ಲ, ಕಾಗದಪತ್ರ ಊರ್ಜಿತವಾಗಲೆಂದು ಪಡೆದುದು. ನಮ್ಮಲ್ಲಿ ದಾನ ಕೊಡುವವರು ಕೈಗೆ ನೀರು ಬಿಡುವಂತೆ ಅದೊಂದು ಶಾಸ್ತ್ರ. ಈ ಒಂದು ಡಾಲರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರಲಿದೆ.

ಕೊಡುವ ಮನಸ್ಸು ಹೀಗೆ ಮೊದಲೇ ಸಿದ್ಧವಾಗಿತ್ತು. ಇಲ್ಲದಿದ್ದುದು ಸಾಕಷ್ಟು ಮದ್ದು. ಇನ್ಸುಲಿನ್ನನ್ನು ತಯಾರಿಸಲು ಗೊತ್ತಿದ್ದ ದಾರಿ ಒಂದೇ: ಕಸಾಯಿಖಾನೆಯಲ್ಲಿ ಕೊಂದ ಹಂದಿ, ದನಗಳ ಮೇದೋಜೀರಕಾಂಗವನ್ನು ಕೂಡಲೇ ಹೆಪ್ಪುಗಟ್ಟುವಷ್ಟು ತಣ್ಣಗಾಗಿಸಿ, ಅರೆದು, ಮದ್ಯಸಾರದಲ್ಲಿ ನೆನೆಯಿಸಿ, ರಸವನ್ನು ಹಿಂಡಿ ತೆಗೆಯುವುದು. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಎಲಿ ಲಿಲ್ಲಿ ಕಂಪನಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ತೊಡಗಿತು. ಯುರೋಪಿನಲ್ಲಿ ಡೆನ್ಮಾರ್ಕ್ ದೇಶ ಮುಂದಾಯಿತು. ಎಂಟು ಔನ್ಸ್ ಶುದ್ಧ ಇನ್ಸುಲಿನ್ ಪಡೆಯಲು ಎರಡು ಟನ್ನಿಗೂ ಮಿಕ್ಕಿದ ಗ್ರಂಥಿಗಳನ್ನು ಅರೆಯಬೇಕಾಗಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಮಧುಮೇಹಿಗಳು ಬದುಕಿದುದು ಈ ದಾರಿಯಿಂದ. ನಮ್ಮಲ್ಲಿಯೂ ಮಡಿವಂತರ ಮನೆಗಳಲ್ಲಿ, ಸೀಸೆಯೊಳಗಿರುವುದು ಯಾವ ಪ್ರಾಣಿಯ ರಸವೆಂದು ಕೇಳದಿರುವುದೇ ಲೇಸೆಂದು ಸುಮ್ಮನಾದವರು ಇದ್ದಿರಬೇಕು. ಪ್ರಾಣಿಯ ರಸ ಕೆಲವರ ಮೈಗೆ ಒಗ್ಗದೆ ಚರ್ಮ ಕೆಂಪೇರಿ ಗಂಟು ಕಟ್ಟುತ್ತಿದ್ದುದೂ ಉಂಟು. ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು: ಮಧುಮೇಹಿಗಳ ಸಂಖ್ಯೆ ಏರುತ್ತಲೇ ಇದೆ, ಮಾಂಸದ ವ್ಯಾಪಾರ ಅದೇ ಪ್ರಮಾಣದಲ್ಲಿ ಏರದಿದ್ದರೆ ಮುಂದೇನು ಗತಿ?

ಈ ನಡುವೆ ಇನ್ಸುಲಿನ್ ಎಂದರೆ ರಚನೆಯಲ್ಲಿ ಎಂತಹ ವಸ್ತುವೆಂಬುದನ್ನು ತಿಳಿಯುವ ಕೆಲಸ ಬೇರೆಡೆ ನಡೆದಿತ್ತು. ಪ್ರೋಟೀನು ಎಂಬುದು ಅಮೈನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಆದರೆ ಮಣಿಗಳಿಗೆ ಒಂದು ನಿಶ್ಚಿತವಾದ ಅನುಕ್ರಮವಿದೆಯೆ, ಇಲ್ಲವೆ ಎಂಬುದೇ ಆಗ ವಿವಾದದ ವಿಷಯವಾಗಿತ್ತು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಫ್ರೆಡರಿಕ್ ಸ್ಯಾಂಗರ್ ಹತ್ತು ವರ್ಷಕ್ಕೂ ಮಿಕ್ಕಿ ಕುಳಿತು, ದನದ ಇನ್ಸುಲಿನ್ನಿನ ಮಣಿಗಳನ್ನು ಒಂದೊಂದಾಗಿ ಎಣಿಸಿ, 1955ರ ಹೊತ್ತಿಗೆ ಅದರ ಪೂರ್ಣ ಅನುಕ್ರಮವನ್ನು ಮುಂದಿಟ್ಟ. 21 ಮಣಿಗಳ ಒಂದು ಎಳೆ, 30 ಮಣಿಗಳ ಇನ್ನೊಂದು ಎಳೆ. ಎರಡನ್ನೂ ಕೂಡಿಸುವ ಗಂಧಕದ ಕೊಂಡಿಗಳು. ಒಟ್ಟು 51. ಮನುಷ್ಯನ ಇನ್ಸುಲಿನ್ನಿಗೂ ಹಂದಿಯ ಇನ್ಸುಲಿನ್ನಿಗೂ ಇರುವ ವ್ಯತ್ಯಾಸ ಒಂದೇ ಮಣಿಯದು. ದನದ್ದಕ್ಕೂ ನಮ್ಮದಕ್ಕೂ ಮೂರು ಮಣಿಗಳದು. ಕಸಾಯಿಖಾನೆಯ ಮದ್ದು ನಮಗೆ ಹೊಂದಿಕೊಂಡುದರ ಗುಟ್ಟು ಇದು. ಈ ಸರ ಹೇಗೆ ಮಡಿಸಿಕೊಂಡು ನಿಂತಿದೆಯೆಂಬುದನ್ನು ಆಕ್ಸ್‌ಫರ್ಡಿನ ಡೊರೊತಿ ಹಾಡ್ಜ್‌ಕಿನ್ 1969ರಲ್ಲಿ ಕಂಡುಹಿಡಿದರು. 1935ರಲ್ಲಿ ಇನ್ಸುಲಿನ್ ಹರಳಿನ ಮೊದಲ ಎಕ್ಸ್‌ರೇ ಚಿತ್ರವನ್ನು ತೆಗೆದಿದ್ದವರೂ ಅವರೇ. ನಡುವೆ 34 ವರ್ಷ ಕಳೆದಿದ್ದುವು. ಆ ಕಡೆಯ ಹಂತದಲ್ಲಿ ಅವರೊಂದಿಗೆ ದುಡಿದ ತಂಡದಲ್ಲಿದ್ದ ಎಂ. ವಿಜಯನ್ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನುಗಳ ಹರಳುಗಳನ್ನು ಅಧ್ಯಯನ ಮಾಡುವ ದೊಡ್ಡ ಪರಂಪರೆಯನ್ನೇ ಇಲ್ಲಿ ಬೆಳೆಸಿದರು.

ಮಣಿಗಳ ಅನುಕ್ರಮ ತಿಳಿಯಿತು. ಅನುಕ್ರಮವನ್ನು ಹೇಳಿಕೊಡುವವರಾರು? ಇದಕ್ಕೆ ಉತ್ತರ ಸಿಕ್ಕಿದುದು ಡಿಎನ್‌ಎ ಎಂಬ ವಸ್ತುವಿನಲ್ಲಿ. ಅದು ತಿರುಚಿಕೊಂಡ ಎರಡೆಳೆಯ ಏಣಿಯಂತಿದೆಯೆಂಬುದು 1953ರಲ್ಲಿ ಗೊತ್ತಾಯಿತು. ಅದರಲ್ಲಿರುವುದು ನಾಲ್ಕೇ ಅಕ್ಷರ. ಮೂರು ಮೂರು ಅಕ್ಷರಗಳು ಕೂಡಿ ಒಂದು ಪದ. ಒಂದೊಂದು ಪದ ಒಂದೊಂದು ಅಮೈನೊ ಆಮ್ಲವನ್ನು ಹೆಸರಿಸುತ್ತದೆ. ಈ ನಿಘಂಟನ್ನು 1961ರಿಂದ 1966ರವರೆಗೆ ಬಿಡಿಸಿದವರಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ ಖುರಾನರೂ ಒಬ್ಬರು. 1968ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ದೊರಕಿತು. ಒಂದು ಪ್ರೋಟೀನನ್ನು ಹೇಗೆ ಪೋಣಿಸಬೇಕೆಂದು ಹೇಳುವ ಡಿಎನ್‌ಎಯ ಒಂದು ಅಧ್ಯಾಯಕ್ಕೆ ವಂಶವಾಹಿ ಅಥವಾ ಜೀನ್ ಎಂದು ಹೆಸರು. ಇಲ್ಲಿ ಬೆರಗುಪಡಬೇಕಾದ ಮಾತೊಂದಿದೆ. ಮನುಷ್ಯನಿಗೂ ಮಾವಿನ ಮರಕ್ಕೂ ಮೊಸರಿನ ಬ್ಯಾಕ್ಟೀರಿಯಕ್ಕೂ ಈ ನಿಘಂಟು ಹೆಚ್ಚುಕಡಮೆ ಒಂದೇ. ಜೀವಿಗಳು ಲಕ್ಷಾಂತರ, ಅವು ಓದುವ ಲಿಪಿ ಒಂದು.

ಇದರಿಂದ ಹುಟ್ಟಿದ ಆಲೋಚನೆಯನ್ನು ನಮ್ಮ ಹಳೆಯ ಓಲೆಗರಿಗಳ ಉಪಮಾನದಿಂದ ವಿವರಿಸಬಹುದು. ಕಾವ್ಯವನ್ನು ಪ್ರತಿಮಾಡುವ ಲಿಪಿಕಾರ ಮುಂದಿರುವ ಗರಿಯಲ್ಲಿ ಏನಿದೆಯೋ ಅದನ್ನು ತಿದ್ದದೆ ಬರೆದುಕೊಂಡು ಹೋಗುತ್ತಾನೆ. ಯಾರೋ ತನ್ನದೊಂದು ಪದ್ಯವನ್ನು ನಡುವೆ ಸೇರಿಸಿಟ್ಟರೆ, ಅದೂ ಮೂಲಕವಿಯದೆಂದೇ ನಂಬಿ ಮುಂದಿನ ಪ್ರತಿಗಳಲ್ಲೆಲ್ಲ ಬರೆಯುತ್ತಾನೆ. ಪಂಡಿತರು ಇಂಥದನ್ನು ಪ್ರಕ್ಷಿಪ್ತವೆಂದು ಕರೆದು ತಲೆ ಚಚ್ಚಿಕೊಳ್ಳುತ್ತಾರೆ. ಬ್ಯಾಕ್ಟೀರಿಯವೂ ಅಂಥ ಲಿಪಿಕಾರನೇ. ಅದರ ಗ್ರಂಥದೊಳಗೆ ಮನುಷ್ಯನ ಇನ್ಸುಲಿನ್ನಿನ ಪದ್ಯವನ್ನು ಸೇರಿಸಿಬಿಟ್ಟರೆ ಅದು ತನ್ನದೆಂದೇ ಓದಿ, ಮನುಷ್ಯನ ಇನ್ಸುಲಿನ್ನನ್ನು ಕಟ್ಟಿಕೊಡಬೇಕು. ಅದೂ ಒಂದೆರಡು ಪ್ರತಿಯಲ್ಲ; ಅನುಕೂಲವಾದ ಸ್ಥಿತಿಯಲ್ಲಿ ಈ ಜೀವಿ ಇಪ್ಪತ್ತು ಮೂವತ್ತು ನಿಮಿಷಗಳಿಗೊಮ್ಮೆ ಇಮ್ಮಡಿಸುತ್ತದೆ. ಸಂಜೆ ಹಾಕಿದ ಒಂದು ಚಮಚ ಹೆಪ್ಪು ಬೆಳಗಾಗುವುದರೊಳಗೆ ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುವುದನ್ನು ಕಂಡ ನಮ್ಮ ಗೃಹಿಣಿಯರಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾದುದಿಲ್ಲ. ಜೀವಾಣುವಿನಿಂದ ದುಡಿಸಿಕೊಳ್ಳುವ ವಿದ್ಯೆ ಹಳೆಯದೇ. ಅದರ ಗ್ರಂಥದಲ್ಲಿ ನಮಗೆ ಬೇಕಾದ ಪದ್ಯವನ್ನು ಸೇರಿಸುವ ವಿದ್ಯೆ ಮಾತ್ರ ಹೊಸದು.

ಸೇರಿಸಲು ಕತ್ತರಿ ಬೇಕು, ಅಂಟು ಬೇಕು, ಒಳಗೆ ಒಯ್ಯುವ ವಾಹನ ಬೇಕು. ಮೂರೂ ಪ್ರಕೃತಿಯಲ್ಲೇ ಸಿಕ್ಕಿದುವು. ಡಿಎನ್‌ಎಯನ್ನು ಗೊತ್ತಾದ ಅಕ್ಷರಗಳಿರುವೆಡೆಯಲ್ಲಷ್ಟೇ ಕತ್ತರಿಸುವ ಕಿಣ್ವಗಳು ಬ್ಯಾಕ್ಟೀರಿಯಗಳಲ್ಲಿರುವುದನ್ನು 1970ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ತೋರಿಸಿಕೊಟ್ಟ. ತುಂಡುಗಳನ್ನು ಬೆಸೆಯುವ ಕಿಣ್ವ ಮೂರು ವರ್ಷ ಮೊದಲೇ ದೊರಕಿತ್ತು. ಬ್ಯಾಕ್ಟೀರಿಯದ ಮುಖ್ಯ ಡಿಎನ್‌ಎಯಿಂದ ಪ್ರತ್ಯೇಕವಾಗಿ ತೇಲುವ ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರವೇ ವಾಹನ. ಸ್ಟ್ಯಾನ್‌ಫರ್ಡಿನ ಪಾಲ್ ಬರ್ಗ್ 1972ರಲ್ಲಿ ಎರಡು ಬೇರೆ ಮೂಲಗಳ ಡಿಎನ್‌ಎಯನ್ನು ಮೊದಲ ಬಾರಿಗೆ ಬೆಸೆದ. ಅದೇ ವರ್ಷ ನವೆಂಬರಿನಲ್ಲಿ ಹವಾಯಿ ದ್ವೀಪದಲ್ಲಿ ಒಂದು ವಿದ್ವತ್ಸಭೆ ಸೇರಿದಾಗ, ಪ್ಲಾಸ್ಮಿಡ್ ಬಲ್ಲ ಸ್ಟ್ಯಾನ್ಲಿ ಕೊಹೆನ್, ಕತ್ತರಿ ಬಲ್ಲ ಹರ್ಬರ್ಟ್ ಬಾಯರ್ ಇಬ್ಬರೂ ರಾತ್ರಿ ತಿಂಡಿಗೆ ಕುಳಿತು ಮಾತಿಗೆ ತೊಡಗಿದರು. ಇಬ್ಬರೂ ಕೂಡಿ ಕೆಲಸ ಮಾಡುವುದೆಂದು ಅಲ್ಲಿಯೇ ನಿಶ್ಚಯವಾಯಿತು. 1973ರಲ್ಲಿ ಅವರು ಜೋಡಿಸಿದ ಪ್ಲಾಸ್ಮಿಡ್ಡು ಇ. ಕೋಲಿ ಎಂಬ ಬ್ಯಾಕ್ಟೀರಿಯದೊಳಗೆ ಹೋಗಿ ಸುಸೂತ್ರವಾಗಿ ಪ್ರತಿಯಾಗತೊಡಗಿತು. ಸ್ವಲ್ಪದರಲ್ಲೇ ಕಪ್ಪೆಯ ಜೀನನ್ನೂ ಅದರಲ್ಲಿ ಸೇರಿಸಲಾಯಿತು. ‘ಆರ್-ಡಿಎನ್‌ಎ’, ಎಂದರೆ ಮರುಜೋಡಣೆಯ ಡಿಎನ್‌ಎ ಎಂಬ ಮಾತು ಹುಟ್ಟಿದುದು ಹೀಗೆ.

ಕಪ್ಪೆಯ ಜೀನು ಬ್ಯಾಕ್ಟೀರಿಯದಲ್ಲಿ ಪ್ರತಿಯಾಯಿತೆಂದ ಕೂಡಲೇ ಹರ್ಷದ ಜೊತೆಗೆ ಭಯವೂ ಹುಟ್ಟಿತು. ಇ. ಕೋಲಿ ನಮ್ಮ ಕರುಳಿನ ನಿವಾಸಿ. ಅದಕ್ಕೆ ಯಾವುದಾದರೂ ಕೆಟ್ಟ ಗುಣವನ್ನು ಅಂಟಿಸಿ, ಅದು ಪ್ರಯೋಗಾಲಯದಿಂದ ತಪ್ಪಿಸಿಕೊಂಡರೆ? ಈ ಪ್ರಶ್ನೆಯನ್ನು ಎತ್ತಿದವರು ವಿಜ್ಞಾನಿಗಳೇ ಎಂಬುದು ಅವರ ಪಾಲಿನ ಹಿರಿಮೆ. 1974ರಲ್ಲಿ ಬರ್ಗ್ ಮೊದಲಾದವರು, ಕೆಲವು ಬಗೆಯ ಪ್ರಯೋಗಗಳನ್ನು ಎಲ್ಲರೂ ಸದ್ಯಕ್ಕೆ ನಿಲ್ಲಿಸಬೇಕೆಂದು ಬಹಿರಂಗ ಪತ್ರ ಬರೆದರು. ಎಲ್ಲರೂ ನಿಲ್ಲಿಸಿದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಕಡಲ ದಡದ ಅಸಿಲೊಮಾರ್ ಎಂಬಲ್ಲಿ ಸುಮಾರು 140 ಮಂದಿ ಸೇರಿ ಚರ್ಚಿಸಿ, ಅಪಾಯಕ್ಕೆ ತಕ್ಕಂತೆ ಬಂದೋಬಸ್ತು ಇರಬೇಕೆಂದೂ, ಪ್ರಯೋಗಾಲಯದ ಹೊರಗೆ ಬದುಕಲಾರದ ದುರ್ಬಲ ತಳಿಗಳನ್ನೇ ಬಳಸಬೇಕೆಂದೂ ಕಟ್ಟಳೆಗಳನ್ನು ಸೂಚಿಸಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯವಿರುವ ಅಮೆರಿಕದ ಕೇಂಬ್ರಿಡ್ಜ್ ಪಟ್ಟಣದಲ್ಲಿ ಮೇಯರ್ ಆಲ್‌ಫ್ರೆಡ್ ವೆಲುಚಿ ಈ ವಿಷಯವನ್ನು ಪುರಸಭೆಯ ಅಂಗಳಕ್ಕೇ ಎಳೆದು ತಂದ. ದೊಡ್ಡ ದೊಡ್ಡ ಪಂಡಿತರು ಪೌರರ ಮುಂದೆ ನಿಂತು ತಮ್ಮ ಕೆಲಸಕ್ಕೆ ಸಮಜಾಯಿಷಿ ಹೇಳಬೇಕಾಯಿತು. ಪ್ರಯೋಗಗಳಿಗೆ ಮೂರು ತಿಂಗಳ ತಡೆ ಬಿದ್ದಿತು. ಈ ಸಂಶೋಧನೆಗೆ ಸಂಬಂಧಪಡದ ನಾಗರಿಕರ ಸಮಿತಿಯೊಂದು ತಿಂಗಳುಗಟ್ಟಲೆ ಕುಳಿತು, ಕಲಿತು, ವಿಚಾರಿಸಿ, 1977ರ ಆರಂಭದಲ್ಲಿ ಕೆಲವು ನಿಬಂಧನೆಗಳೊಡನೆ ಒಪ್ಪಿಗೆ ಕೊಟ್ಟಿತು. ಸಾಮಾನ್ಯರು ವಿಜ್ಞಾನವನ್ನು ಪ್ರಶ್ನಿಸಿದರೆ ವಿಜ್ಞಾನ ಕೆಡುತ್ತದೆಂದು ಹೇಳುವವರು ಈ ಪ್ರಸಂಗವನ್ನು ಓದಬೇಕು.

ಇಷ್ಟರಲ್ಲಿ ಇನ್ಸುಲಿನ್ನಿಗಾಗಿ ಓಟ ಆರಂಭವಾಗಿತ್ತು. 1976ರ ಏಪ್ರಿಲಿನಲ್ಲಿ ಬಾಯರ್ ಮತ್ತು ರಾಬರ್ಟ್ ಸ್ವಾನ್ಸನ್ ಎಂಬ ಎಳೆಯ ವ್ಯಾಪಾರಿ ತಲಾ 500 ಡಾಲರ್ ಹಾಕಿ ಜೆನೆಂಟೆಕ್ ಎಂಬ ಕಂಪನಿಯನ್ನು ತೆರೆದರು. ಇಟಕುರ, ರಿಗ್ಸ್ ಎಂಬ ಸಹೋದ್ಯೋಗಿಗಳೊಂದಿಗೆ ಅವರು ಹಿಡಿದ ದಾರಿ ಜಾಣತನದ್ದು. ಮನುಷ್ಯನ ಜೀವಕೋಶದಿಂದ ಜೀನನ್ನು ತೆಗೆಯುವುದರ ಬದಲು, ಮಣಿಗಳ ಅನುಕ್ರಮ ಹೇಗೂ ಗೊತ್ತಿರುವುದರಿಂದ, ಅದಕ್ಕೆ ಸರಿಹೊಂದುವ ಜೀನನ್ನು ರಾಸಾಯನಿಕಗಳಿಂದ ಅಕ್ಷರ ಅಕ್ಷರವಾಗಿ ತಾವೇ ಬರೆಯುವುದು. ಕೈಯಿಂದ ಬರೆದ ಜೀನಿಗೆ ಸರ್ಕಾರದ ಕಟ್ಟಳೆಗಳ ತೊಡಕೂ ಇರಲಿಲ್ಲ. ಮೊದಲು 14 ಮಣಿಗಳ ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನಿನ ಮೇಲೆ ಕೈಯಾಡಿಸಿ ನೋಡಿದರು. ಫಲ ಶೂನ್ಯ. ಗುರುತಿಲ್ಲದ ಈ ಪುಟ್ಟ ವಸ್ತುವನ್ನು ಬ್ಯಾಕ್ಟೀರಿಯ ಕಟ್ಟಿದೊಡನೆ ಅರಗಿಸಿಕೊಂಡುಬಿಡುತ್ತಿತ್ತು! ಆಗ ಅದನ್ನು ಬ್ಯಾಕ್ಟೀರಿಯದ್ದೇ ಆದ ಒಂದು ದೊಡ್ಡ ಪ್ರೋಟೀನಿನ ಬಾಲಕ್ಕೆ ಕಟ್ಟಿ ಬೆಳೆಸಿ, ಕೊನೆಗೆ ಕತ್ತರಿಸಿ ತೆಗೆದರು. 1977ರಲ್ಲಿ ಅದು ಫಲಿಸಿತು. ಅದೇ ಉಪಾಯದಿಂದ 1978ರಲ್ಲಿ ಇನ್ಸುಲಿನ್ನಿನ ಎರಡು ಎಳೆಗಳನ್ನೂ ಬೇರೆ ಬೇರೆ ಬ್ಯಾಕ್ಟೀರಿಯಗಳಲ್ಲಿ ಬೆಳೆಸಿ, ಹೊರತೆಗೆದು, ಕೊಂಡಿ ಹಾಕಿದರು. ಸೆಪ್ಟೆಂಬರ್ 6ರಂದು ಲೋಕಕ್ಕೆ ಸುದ್ದಿ ಸಾರಿದರು. ಓಟದಲ್ಲಿದ್ದ ಹಾರ್ವರ್ಡಿನ ವಾಲ್ಟರ್ ಗಿಲ್ಬರ್ಟ್ ಪಟ್ಟ ಪಾಡು ಬೇರೆ. ಮನುಷ್ಯನ ನಿಜವಾದ ಜೀನನ್ನೇ ಬಳಸಹೊರಟಿದ್ದುದರಿಂದ ಕಟ್ಟಳೆಯಂತೆ ಅತ್ಯಂತ ಬಿಗಿಯಾದ ಬಂದೋಬಸ್ತಿನ ಪ್ರಯೋಗಾಲಯ ಬೇಕಾಗಿ, ತಂಡದೊಂದಿಗೆ ಇಂಗ್ಲೆಂಡಿನ ಪೋರ್ಟನ್ ಡೌನ್ ಎಂಬ ಮಿಲಿಟರಿ ನೆಲೆಗೆ ಹೋಗಿ ವಾರಗಟ್ಟಲೆ ದುಡಿದ. ಕೊನೆಗೆ ಕೈಗೆ ಬಂದುದು ಇಲಿಯ ಜೀನು. ಮಾದರಿಗೆ ಅದು ಬೆರೆತುಹೋಗಿತ್ತು.

ಬ್ಯಾಕ್ಟೀರಿಯ ಕಟ್ಟಿಕೊಟ್ಟ ಇನ್ಸುಲಿನ್ನನ್ನು 1980ರಲ್ಲಿ ಲಂಡನ್ನಿನಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟು ಪರೀಕ್ಷಿಸಿದರು. 1982ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರ ಅದರ ಮಾರಾಟಕ್ಕೆ ಅನುಮತಿ ಕೊಟ್ಟಿತು. ತಯಾರಿಸಿದುದು, ಅರುವತ್ತು ವರ್ಷದ ಹಿಂದೆ ಗ್ರಂಥಿಗಳನ್ನು ಅರೆಯಲು ತೊಡಗಿದ್ದ ಅದೇ ಲಿಲ್ಲಿ ಕಂಪನಿ, ಹೆಸರು ಹ್ಯೂಮ್ಯುಲಿನ್. ಮರುಜೋಡಣೆಯ ಡಿಎನ್‌ಎಯಿಂದ ತಯಾರಾಗಿ ಅಂಗಡಿಗೆ ಬಂದ ಮೊದಲ ಔಷಧ ಇದು. ಅದರ ಹಿಂದೆಯೇ ಕುಳ್ಳಾಗಿ ಉಳಿಯುವ ಮಕ್ಕಳಿಗೆ ಬೆಳವಣಿಗೆಯ ಹಾರ್ಮೋನು 1985ರಲ್ಲಿ, ಯೀಸ್ಟಿನಿಂದ ತಯಾರಿಸಿದ ಹೆಪಟೈಟಿಸ್-ಬಿ ಲಸಿಕೆ 1986ರಲ್ಲಿ, ಕರುವಿನ ಜಠರದ ಬದಲು ಸೂಕ್ಷ್ಮಜೀವಿಯಿಂದ ಪಡೆದ, ಚೀಸಿಗೆ ಹಾಲೊಡೆಸುವ ಕಿಣ್ವ 1990ರಲ್ಲಿ ಬಂದುವು. ಅಸಿಲೊಮಾರಿನಲ್ಲಿ ಹೆದರಿದಂತಹ ಜೀವಿ ಯಾವುದೂ ತಪ್ಪಿಸಿಕೊಂಡು ಬಂದು ಊರನ್ನು ಹಾಳುಮಾಡಲಿಲ್ಲ. ಅಪಾಯವನ್ನು ಮೊದಲೇ ಯೋಚಿಸಿ ಕಟ್ಟಳೆ ಮಾಡಿಕೊಂಡುದಕ್ಕೆ ಇದರಲ್ಲಿ ಪಾಲಿದೆಯೆಂದು ಒಪ್ಪಬೇಕು. ತಪ್ಪಿಸಿಕೊಂಡುದು ಇನ್ನೊಂದು, ಅದರ ಮೇಲೆ ಆಗ ಯಾರೂ ಕಾವಲಿಟ್ಟಿರಲಿಲ್ಲ.

ಅದು ಬೆಲೆ. 1980ರ ಜೂನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಎಣ್ಣೆಯನ್ನು ಅರಗಿಸಬಲ್ಲ ಬ್ಯಾಕ್ಟೀರಿಯವನ್ನು ರೂಪಿಸಿದ ಬಂಗಾಳದ ಆನಂದ ಚಕ್ರವರ್ತಿಯವರ ಮೊಕದ್ದಮೆಯಲ್ಲಿ, ಮನುಷ್ಯ ಮಾರ್ಪಡಿಸಿದ ಜೀವಿಗೂ ಪೇಟೆಂಟು ಕೊಡಬಹುದೆಂದು ತೀರ್ಪಿತ್ತಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಹೌದೆಂದರು, ನಾಲ್ವರು ಅಲ್ಲವೆಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಜೆನೆಂಟೆಕ್ಕಿನ ಷೇರು ಪೇಟೆಗೆ ಬಂದಾಗ, 35 ಡಾಲರಿನ ಷೇರು ಒಂದು ಗಂಟೆಯೊಳಗೆ 88ಕ್ಕೆ ಏರಿತು. ಮಾರಲು ಅಂಗಡಿಯಲ್ಲಿ ಔಷಧವೊಂದೂ ಇನ್ನೂ ಇರಲಿಲ್ಲ! 1923ರಲ್ಲಿ ಮೂವರು ತಲಾ ಒಂದು ಡಾಲರಿಗೆ ಕೈತೊಳೆದುಕೊಂಡ ವಸ್ತುವಿನ ಸುತ್ತ ಹೊಸದೊಂದು ಸಂತೆ ನೆರೆಯಿತು. ಇದನ್ನೆಲ್ಲ ಲೋಭವೆಂದು ತಳ್ಳಿಹಾಕುವುದು ಸರಿಯಲ್ಲ; ಹಣ ಹೂಡುವವರಿಲ್ಲದಿದ್ದರೆ ಪ್ರಯೋಗಾಲಯದ ಒಂದು ಹನಿ ಕಾರ್ಖಾನೆಯ ಕೊಳಗವಾಗುತ್ತಿರಲಿಲ್ಲ. ಆದರೆ ಬ್ಯಾಕ್ಟೀರಿಯದಿಂದ ತಯಾರಾದರೆ ಮದ್ದು ಅಗ್ಗವಾಗುವುದೆಂದು ನಂಬಿದ್ದವರ ನಂಬಿಕೆ ಹುಸಿಯಾಯಿತು. 1996ರಲ್ಲಿ ಎರಡು ಮಣಿಗಳ ಸ್ಥಾನವನ್ನು ಅದಲುಬದಲು ಮಾಡಿ, ಬೇಗ ಕೆಲಸ ಮಾಡುವ ಹೊಸ ಇನ್ಸುಲಿನ್ನನ್ನು ಮಾರಲು ತೊಡಗಿದರು. ಆಗ ಒಂದು ಸೀಸೆಗೆ ಅಮೆರಿಕದಲ್ಲಿ ಸುಮಾರು 21 ಡಾಲರ್. 2019ರಲ್ಲಿ ಅದೇ ಸೀಸೆಗೆ ಸುಮಾರು 275 ಡಾಲರ್. ಸೀಸೆಯೊಳಗಿನ ದ್ರವದಲ್ಲಿ ಏನೂ ಬದಲಾಗಿರಲಿಲ್ಲ. ಮದ್ದನ್ನು ಮಿತವಾಗಿ ಹಂಚಿಕೊಂಡು, ದಿನ ಬಿಟ್ಟು ದಿನ ಚುಚ್ಚಿಕೊಂಡು, ಪ್ರಾಣ ಕಳೆದುಕೊಂಡ ಎಳೆಯರ ಸುದ್ದಿ ಜಗತ್ತಿನ ಅತಿ ಶ್ರೀಮಂತ ದೇಶದಿಂದಲೇ ಬರತೊಡಗಿತು. ಕಾನೂನಿನ, ಜನಾಭಿಪ್ರಾಯದ ಒತ್ತಡ ಬಿದ್ದ ಮೇಲೆ 2023ರಲ್ಲಿ ಲಿಲ್ಲಿ ಕಂಪನಿ ತನ್ನ ಬಹುವಾಗಿ ಬಳಕೆಯಲ್ಲಿರುವ ಇನ್ಸುಲಿನ್ನುಗಳ ಬೆಲೆಯನ್ನು ನೂರಕ್ಕೆ 70ರಷ್ಟು ಇಳಿಸುವುದಾಗಿ ಸಾರಿತು. ಹೀಗೆ ಇಳಿಸಲು ಸಾಧ್ಯವಿತ್ತೆಂದರೆ, ಏರಿಸಿದುದು ಯಾತಕ್ಕಾಗಿ ಎಂಬ ಪ್ರಶ್ನೆ ಉಳಿಯುತ್ತದೆ.

ಈ ಕಥೆಯ ಒಂದು ಎಳೆ ನಮ್ಮ ಊರಿಗೂ ಬಂದಿದೆ. ಬ್ಯಾಕ್ಟೀರಿಯ ಇನ್ಸುಲಿನ್ ಕಟ್ಟಿದ 1978ರಲ್ಲೇ, ಬೀರು ತಯಾರಿಕೆಯ ವಿದ್ಯೆಯನ್ನು ಆಸ್ಟ್ರೇಲಿಯದಲ್ಲಿ ಕಲಿತು ಬಂದಿದ್ದ ಕಿರಣ್ ಮಜುಂದಾರ್ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಬಯೊಕಾನ್ ಕಂಪನಿಯನ್ನು ಆರಂಭಿಸಿದರು. ಮೊದಲು ಮಾಡಿದುದು ಪರಂಗಿಕಾಯಿಯ ಹಾಲಿನಿಂದ ಪಡೆಯುವ ಪಪೇನ್ ಎಂಬ ಕಿಣ್ವ. ಹುದುಗು ಬರಿಸುವ ವಿದ್ಯೆಯಲ್ಲಿ ಕಾಲು ಶತಮಾನ ಪಳಗಿದ ಆ ಕಂಪನಿ, 2004ರಲ್ಲಿ ಪಿಕಿಯ ಎಂಬ ಯೀಸ್ಟಿನಲ್ಲಿ ಬೆಳೆಸಿದ ಮನುಷ್ಯನ ಇನ್ಸುಲಿನ್ನನ್ನು ಪೇಟೆಗೆ ತಂದಿತು. ಅದಕ್ಕೆ ಒಂದು ವರ್ಷ ಮೊದಲು ವಾಕ್‌ಹಾರ್ಟ್ ಎಂಬ ಇನ್ನೊಂದು ಭಾರತೀಯ ಕಂಪನಿ ತನ್ನದನ್ನು ತಂದಿತ್ತು. ಹೈದರಾಬಾದಿನ ಶಾಂತಾ ಬಯೊಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್-ಬಿ ಲಸಿಕೆಯನ್ನು ಇಲ್ಲಿಯೇ ತಯಾರಿಸಿದುದೂ ಇದೇ ಸಾಲಿಗೆ ಸೇರಿದ್ದು. ಒಂದು ವಿದ್ಯೆ ಕೆಲವರ ಕೈಯಲ್ಲಿಯೇ ಇರುವವರೆಗೆ ಬೆಲೆ ಅವರು ಹೇಳಿದಷ್ಟು. ಹಲವರು ಕಲಿತರೆ ಮಾತ್ರ ಅದು ಇಳಿಯುತ್ತದೆ. 2019ರಲ್ಲಿ ಬಯೊಕಾನ್, ಬಡ ದೇಶಗಳಿಗೆ ದಿನಕ್ಕೆ 10 ಸೆಂಟಿಗಿಂತ ಕಡಮೆ ಬೆಲೆಗೆ ಮನುಷ್ಯನ ಇನ್ಸುಲಿನ್ ಕೊಡುವುದಾಗಿ ಘೋಷಿಸಿತು. 2021ರಲ್ಲಿ, ವೈದ್ಯರ ಹೊಸ ಚೀಟಿಯಿಲ್ಲದೆಯೇ ಮೂಲ ಕಂಪನಿಯ ಮದ್ದಿಗೆ ಬದಲಾಗಿ ಕೊಡಬಹುದಾದ ಮೊದಲ ಇನ್ಸುಲಿನ್ ಎಂದು ಅಮೆರಿಕದ ಸರ್ಕಾರ ಒಪ್ಪಿಕೊಂಡುದು ಇದೇ ಕಂಪನಿ ಸಹಯೋಗಿಯೊಡನೆ ರೂಪಿಸಿದ ಇನ್ಸುಲಿನ್ನನ್ನು.

ಆದರೂ ಲೆಕ್ಕ ಮುಗಿದಿಲ್ಲ. ಎರಡನೆಯ ಬಗೆಯ ಮಧುಮೇಹಿಗಳಲ್ಲಿ ಇನ್ಸುಲಿನ್ ಬೇಕಾದವರು ಜಗತ್ತಿನಲ್ಲಿ ಆರು ಕೋಟಿಗೂ ಹೆಚ್ಚೆಂದೂ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ದೊರೆಯುತ್ತಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿತು. ಅದು ಟೊರಾಂಟೊದ ಕೆಲಸಕ್ಕೆ ನೂರು ತುಂಬಿದ ವರ್ಷ.

ಇನ್ಸುಲಿನ್ನಿನ ಚರಿತ್ರೆಯಲ್ಲಿ ಎರಡು ವಿದ್ಯೆಗಳು ಅಕ್ಕಪಕ್ಕದಲ್ಲಿ ನಡೆದುಬಂದಿವೆ: ಮಾಡುವ ವಿದ್ಯೆ, ಕೊಡುವ ವಿದ್ಯೆ. 1923ರಲ್ಲಿ ಕೊಡುವ ಮನಸ್ಸಿತ್ತು. ಮಾಡುವ ಬಗೆ ಹಂದಿ ದನಗಳ ಲೆಕ್ಕಕ್ಕೆ ಸಿಕ್ಕಿಕೊಂಡಿತ್ತು. ಇಂದು ಮಾಡುವುದಕ್ಕೆ ಮೇರೆಯಿಲ್ಲ. ಒಂದು ಕೊಪ್ಪರಿಗೆ ಯೀಸ್ಟು ಊರಿಗೆ ಊರನ್ನೇ ಉಳಿಸಬಲ್ಲದು. ಜೀನುಗಳನ್ನು ಓದುವ, ಬರೆಯುವ, ತಿದ್ದುವ ಹೊಸ ಹೊಸ ಚಿಕಿತ್ಸೆಗಳು ಈಗ ಒಂದೊಂದಾಗಿ ಬರುತ್ತಿವೆ. ಪ್ರತಿಯೊಂದು ಬಂದಾಗಲೂ ಅದು ಕ್ಷೇಮವೆ ಎಂದು ನಾವು ಕೇಳುತ್ತೇವೆ. ಕೇಳಲೇಬೇಕು, ಅಸಿಲೊಮಾರು ನಮಗೆ ಅದನ್ನು ಕಲಿಸಿದೆ. ಅದರ ಜೊತೆಗೆ, ಅದು ಯಾರಿಗೆ ದೊರಕೀತು ಎಂದೂ ಅಷ್ಟೇ ಗಟ್ಟಿಯಾಗಿ, ಅಷ್ಟೇ ಮುಂಚಿತವಾಗಿ ಕೇಳಬೇಕು. ಕೇಂಬ್ರಿಡ್ಜಿನ ಪೌರರು ಪುರಸಭೆಯಲ್ಲಿ ಕುಳಿತು ಕೇಳಿದ ಹಾಗೆ ಕೇಳಬೇಕು. ಮುಂದಿನ ಸಲ ಅಂಗಡಿಯವನು ಆ ಪುಟ್ಟ ಸೀಸೆಯನ್ನು ಕೈಗಿತ್ತಾಗ, ಬೆಲೆಯನ್ನು ನೋಡಿದ ಮೇಲೆ, ಪಕ್ಕದ ಸಣ್ಣ ಅಕ್ಷರಗಳನ್ನೂ ಒಮ್ಮೆ ಓದಿರಿ. ಆ ಮದ್ದಿನ ಹಕ್ಕನ್ನು ಒಂದು ಡಾಲರಿಗೆ ಬರೆದುಕೊಟ್ಟವರನ್ನೂ ನೆನೆಯಿರಿ.